ಅಂಕುಶಕ್ಕೆ ಮಣಿಯದ ನೆನಪು: ಪಂಪನ ಬನವಾಸಿ

ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ದೇಶ ಸಂಚಾರ ಮಾಡುತ್ತ ಬನವಾಸಿ ನಾಡಿಗೆ ಬರುತ್ತಾನೆ. ಅಲ್ಲಿ ಅವನ ಕಣ್ಣಿಗೆ ಬಿದ್ದ ತೋಟ, ಹೂವು, ಹಕ್ಕಿ, ಜನರನ್ನು ಪಂಪನು ಬೆರಳೆಣಿಕೆಯ ಪದ್ಯಗಳಲ್ಲಿ ಬಣ್ಣಿಸಿದ್ದಾನೆ. ಕನ್ನಡ ವಿದ್ಯಾರ್ಥಿಗಳಲ್ಲಿ ಈ ಪದ್ಯಗಳನ್ನು ಕೇಳದವರಿಲ್ಲ. ಆದರೆ ಬಾಯಿಪಾಠವಾದ ಪದ್ಯಗಳಿಗೆ ಒಂದು ದುರ್ದೆಸೆಯಿದೆ: ಅವುಗಳನ್ನು ಯಾರೂ ಮತ್ತೆ ಓದುವುದಿಲ್ಲ. ಓದಿದರೆ ಅಲ್ಲೊಂದು ಸರಳವಾದ ತೊಡಕು ಎದುರಾಗುತ್ತದೆ. ಆ ಭಾಗದ ಕ್ರಿಯಾಪದ 'ಕಾಣು' ಎಂಬುದಲ್ಲ, 'ನೆನೆ' ಎಂಬುದು. ಕಣ್ಣೆದುರಿಗೆ ಇರುವ ನಾಡನ್ನು ಯಾರೂ ನೆನೆಯುವುದಿಲ್ಲ, ಅದನ್ನು ನೋಡುತ್ತಾರೆ. ನೆನೆಯುವವನು ಆ ನಾಡಿನಿಂದ ದೂರವಿರಲೇಬೇಕು. ಹಾಗೆಯೇ ಮೊದಲ ಬಾರಿಗೆ ಬಂದ ಪ್ರವಾಸಿಗೆ ಮರೆಯುವುದಾಗಲಿ ಮರೆಯದಿರುವುದಾಗಲಿ ಸಲ್ಲದು. ಹಸ್ತಿನಾವತಿಯಲ್ಲಿ ಬೆಳೆದ ಅರ್ಜುನನಿಗೆ ಬನವಾಸಿಯಲ್ಲಿ ಕಳೆದುಕೊಂಡದ್ದೇನೂ ಇರಲಿಲ್ಲ.

ಅಲ್ಲಿ ಮಾತನಾಡಿದವನು ಪಂಪನೇ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿರುವುದು ಈ ಕಾರಣದಿಂದ. ಕಥೆಯ ಪಾತ್ರ ಒಂದು ಕ್ಷಣ ಪಕ್ಕಕ್ಕೆ ಸರಿದಿದೆ, ಕವಿ ಮುಂದೆ ಬಂದಿದ್ದಾನೆ. ವ್ಯಾಸಭಾರತದ ಆದಿಪರ್ವದಲ್ಲಿಯೂ ಅರ್ಜುನನು ದಕ್ಷಿಣಕ್ಕೆ ಬರುತ್ತಾನೆ, ಗೋಕರ್ಣವನ್ನು ಸಂದರ್ಶಿಸುತ್ತಾನೆ. ಆದರೆ ಬನವಾಸಿಯ ಸುದ್ದಿ ಅಲ್ಲಿಲ್ಲ. ಗೋಕರ್ಣದವರೆಗೆ ಬಂದವನನ್ನು ಘಟ್ಟ ಹತ್ತಿಸಿ ತನ್ನ ಪ್ರೀತಿಯ ನಾಡಿಗೆ ಕರೆದೊಯ್ದದ್ದು ಪಂಪನ ಸ್ವಂತ ಏರ್ಪಾಡು. ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ವ್ಯಾಸನ ಅರ್ಜುನ ಊರು ಬಿಡುವುದು ಐವರ ನಡುವೆ ದ್ರೌಪದಿಯ ವಿಷಯದಲ್ಲಿ ಆಗಿದ್ದ ಕಟ್ಟಳೆಯನ್ನು ಮುರಿದದ್ದಕ್ಕಾಗಿ, ಅದು ವನವಾಸ. ಪಂಪನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಆದ್ದರಿಂದ ಆ ಕಟ್ಟಳೆಗೂ ಅದರ ಭಂಗಕ್ಕೂ ಇಲ್ಲಿ ಎಡೆಯಿಲ್ಲ. ಈ ಅರ್ಜುನನಿಗೆ ಅಗಲಿಕೆಯ ದಂಡನೆ ಇಲ್ಲದಿದ್ದರೂ ಪದ್ಯಗಳಲ್ಲಿ ಮಾತ್ರ ಅಗಲಿಕೆ ತುಂಬಿಕೊಂಡಿದೆ.

ಪಂಪನು ಕುಳಿತು ಬರೆದ ನೆಲ ಯಾವುದು? ಲೆಂಬುಳಪಾಟಕ, ಈಗಿನ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯ ವೇಮುಲವಾಡ. ರಾಷ್ಟ್ರಕೂಟರ ಸಾಮಂತರಾದ ಚಾಲುಕ್ಯ ಶಾಖೆಯೊಂದು ಅಲ್ಲಿಂದ ಆಳುತ್ತಿತ್ತು. ಆ ವಂಶದ ಇಮ್ಮಡಿ ಅರಿಕೇಸರಿ ಪಂಪನ ಆಶ್ರಯದಾತ, ಕಾವ್ಯದಲ್ಲಿ ಅರ್ಜುನನೊಡನೆ ಅಭೇದವಾಗಿ ನಿಂತವನು. ಭೂಪಟದ ಮೇಲೆ ನೇರ ಗೆರೆ ಎಳೆದು ಅಳೆದರೂ ವೇಮುಲವಾಡಕ್ಕೂ ಬನವಾಸಿಗೂ ಸುಮಾರು 600 ಕಿಲೋಮೀಟರು ದೂರ. ಹತ್ತನೆಯ ಶತಮಾನದ ಬಂಡಿದಾರಿಯಲ್ಲಿ ಅದು ಹಲವು ವಾರಗಳ ಪಯಣ. ನಡುವೆ ಕೃಷ್ಣೆಯನ್ನು ದಾಟಬೇಕು. ನೆಲವೂ ಬೇರೆ. ವೇಮುಲವಾಡದ ಸುತ್ತ ಬೋಳು ಕಲ್ಲುಗುಡ್ಡಗಳು, ಕೆಮ್ಮಣ್ಣು, ತಾಳೆಮರಗಳು, ಮಳೆನೀರನ್ನು ಹಿಡಿದಿಟ್ಟ ಕೆರೆಗಳು. ಬನವಾಸಿಯಾದರೋ ಮಲೆನಾಡಿನ ಸೆರಗು. ವರದಾ ನದಿಯ ಮಡಿಲಲ್ಲಿ ಗದ್ದೆ ತೋಟಗಳ ನಡುವೆ ಇರುವ ಊರು.

ಅಂದಮಾತ್ರಕ್ಕೆ ಪಂಪನು ವೇಮುಲವಾಡದಲ್ಲಿ ಅನಾಥನಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಊರಿನ ಹಂಬಲವನ್ನು ಬಡತನದ ಅಥವಾ ಅವಮಾನದ ಫಲವೆಂದು ಭಾವಿಸುವ ರೂಢಿಯಿದೆ. ಅರಿಕೇಸರಿ ಅವನಿಗೆ ಧರ್ಮಪುರವೆಂಬ ಅಗ್ರಹಾರವನ್ನು ಉಂಬಳಿಯಾಗಿ ಕೊಟ್ಟಿದ್ದ. ಕನ್ನಡಕ್ಕೆ ಆ ಆಸ್ಥಾನದಲ್ಲಿ ಮನ್ನಣೆಯಿತ್ತು. ಜೈನಧರ್ಮಕ್ಕಂತೂ ಅದು ದೊಡ್ಡ ನೆಲೆ. ಅರಿಕೇಸರಿಯ ಮಗನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿ ಸಂಸ್ಕೃತದ ಯಶಸ್ತಿಲಕ ಚಂಪುವನ್ನು ಮುಗಿಸಿದ್ದು ವೇಮುಲವಾಡದ ನೆರೆಯ ಗಂಗಾಧರದಲ್ಲಿ. 966ರ ಪರ್ಭಣಿ ತಾಮ್ರಪಟವು ಲೆಂಬುಳಪಾಟಕದ ಶುಭಧಾಮ ಜಿನಾಲಯಕ್ಕಾಗಿ ಅದೇ ಸೋಮದೇವನಿಗೆ ಕೊಟ್ಟ ದಾನವನ್ನು ದಾಖಲಿಸಿದೆ. ರಾಜಮನ್ನಣೆ, ಭೂಮಿ, ಬಸದಿ, ವಿದ್ವಾಂಸರ ಸಂಗ, ಒಡಹುಟ್ಟಿದವನ ನೆರವು, ಇಷ್ಟೂ ಇದ್ದ ಕವಿ ಅವನು. 902ರಲ್ಲಿ, ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನಿಗೆ ಆದಿಪುರಾಣ ಮುಗಿಸಿದ 941ರಲ್ಲಿ ನಲವತ್ತರ ಹತ್ತಿರ. ಎರಡು ಮಹಾಕಾವ್ಯಗಳನ್ನು ಕೆಲವೇ ತಿಂಗಳುಗಳಲ್ಲಿ ಬರೆದು ಮುಗಿಸಿದೆನೆಂದು ಹೆಮ್ಮೆಪಟ್ಟವನು. ಏನೂ ಕೊರತೆಯಿಲ್ಲದವನ ಹಂಬಲವಿದು. ಹೀಗಾಗಿಯೇ ಅದಕ್ಕೆ ಪರಿಹಾರವೂ ಇರಲಿಲ್ಲ.

ಇನ್ನು ಊರಿನ ಪ್ರಶ್ನೆ. ಬನವಾಸಿ ಪಂಪನ ಹುಟ್ಟೂರೇ? ಹೌದೆಂದು ಹೇಳುವ ಶಾಸನವಾಗಲಿ ಕವಿಯ ಮಾತಾಗಲಿ ಇಲ್ಲ. ಕವಿ ತಾನೇ ಕೊಟ್ಟ ವಂಶಾವಳಿ ವೆಂಗಿಮಂಡಲದಿಂದ ಮೊದಲಾಗುತ್ತದೆ. ಯಜ್ಞಗಳನ್ನು ಮಾಡಿದ ಮಾಧವ ಸೋಮಯಾಜಿ ಮೂಲಪುರುಷ. ಅಭಿಮಾನಚಂದ್ರ, ಕೊಮರಯ್ಯ ಇವರಾದ ಮೇಲೆ ತಂದೆ ಅಭಿರಾಮದೇವರಾಯ. ಈ ತಂದೆಯೇ ಜಿನಧರ್ಮವನ್ನು ಸ್ವೀಕರಿಸಿದವನು. ಬ್ರಾಹ್ಮಣಜಾತಿಯಲ್ಲಿ ಹುಟ್ಟಿದವನಿಗೂ ತಕ್ಕ ಧರ್ಮ ಇದೇ ಎಂದು ಅವನು ನಿಶ್ಚಯಿಸಿದ್ದನ್ನು ಮಗ ಅಭಿಮಾನದಿಂದ ನೆನೆದಿದ್ದಾನೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರ ಗಮನ ಸೆಳೆದ ಕುರ್ಕ್ಯಾಲದ ಶಾಸನ ಈ ಚಿತ್ರವನ್ನು ಪೂರ್ಣಗೊಳಿಸಿತು. ಗಂಗಾಧರದ ಬಳಿಯ ಗುಡ್ಡದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ, ಸಂಸ್ಕೃತ ಕನ್ನಡ ತೆಲುಗು ಮೂರೂ ಭಾಷೆಗಳ ಬರೆಹ ಅದು. ಅದರಲ್ಲಿರುವ ಮೂರು ಕಂದಪದ್ಯಗಳು ತೆಲುಗು ಸಾಹಿತ್ಯದ ಇತಿಹಾಸಕ್ಕೂ ಅಮೂಲ್ಯ. ಶಾಸನದ ಪ್ರಕಾರ ತಂದೆಯ ಹೆಸರು ಭೀಮಪಯ್ಯ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು.

ಹೆಸರುಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರವಾಗಿರಬೇಕು. ರನ್ನನ ತಂದೆಯ ಹೆಸರೂ ಜಿನವಲ್ಲಭ, ತಾಯಿಯ ಹೆಸರು ಅಬ್ಬಲಬ್ಬೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಧೋಳದ ಬಳೆಗಾರರ ಮನೆ ಒಮ್ಮೊಮ್ಮೆ ವೆಂಗಿಮಂಡಲಕ್ಕೆ ಸ್ಥಳಾಂತರವಾಗುವುದು ಇದರಿಂದಲೇ ಇರಬೇಕು.

ಹೀಗೆ ಪಂಪನಿಗೆ ಊರುಗಳು ಒಂದಲ್ಲ. ಪಿತೃಗಳ ನಾಡು ವೆಂಗಿ. ತಾಯಿಯ ತವರು ಅಣ್ಣಿಗೇರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ಪದ್ಧತಿಯನ್ನು ಆಧರಿಸಿ ಅದೇ ಅವನ ಜನ್ಮಸ್ಥಳವೆಂದು ಊಹಿಸಿದವರುಂಟು. ಭಾಷೆಯ ಊರು ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ. ತನ್ನ ಕಾವ್ಯದ ಕನ್ನಡ ಅಲ್ಲಿಯ ತಿರುಳೆಂದು ಕವಿಯೇ ಹೇಳಿಕೊಂಡಿದ್ದಾನೆ. ಅನ್ನದ ಊರು ವೇಮುಲವಾಡ. ಇವುಗಳಲ್ಲಿ ಯಾವುದಕ್ಕೂ ಸಲ್ಲದ ಕಾತರ ಬನವಾಸಿಗೆ ಮಾತ್ರ ಸಂದಿದೆ. ಅಲ್ಲಿ ಅವನು ಬಾಲ್ಯವನ್ನು ಕಳೆದನೆಂದೋ ಓದಿದನೆಂದೋ ತಾರುಣ್ಯದಲ್ಲಿ ನೆಲೆಸಿದ್ದನೆಂದೋ ಊಹಿಸುವುದಕ್ಕೆ ಆಧಾರ ಈ ಪದ್ಯಗಳ ಕಾವು ಒಂದೇ. ದಾಖಲೆಯ ದೃಷ್ಟಿಯಿಂದ ಇದು ದುರ್ಬಲ ಆಧಾರ. ಮನುಷ್ಯಸ್ವಭಾವದ ದೃಷ್ಟಿಯಿಂದ ನೋಡಿದರೆ ಅಷ್ಟು ದುರ್ಬಲವೆನ್ನಲಾಗದು. ಕೇವಲ ಹೆಸರು ಕೇಳಿದ ನಾಡಿಗಾಗಿ ಯಾರೂ ಹೀಗೆ ಮಿಡುಕುವುದಿಲ್ಲ. ಬನವಾಸಿ ಎಂದರೆ ಇಲ್ಲಿ ಒಂದು ಊರಲ್ಲ, ಪನ್ನಿರ್ಚ್ಛಾಸಿರದ ಇಡೀ ನಾಡು ಎಂಬುದನ್ನೂ ಮರೆಯಬಾರದು. ಮನೆಯ ಬಾಗಿಲಿಂದ ಕಾಣುತ್ತಿದ್ದ ಗದ್ದೆಯಂಚು ಕಾಲ ಕಳೆದಂತೆ ನೆನಪಿನಲ್ಲಿ ಒಂದು ದೇಶದಷ್ಟು ಅಗಲವಾಗುವುದು ದೂರ ಹೋದವರೆಲ್ಲರ ಅನುಭವ.

ಆ ಪದ್ಯಗಳಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ. ಅಲ್ಲಿ ಕವಿಯ ಮನೆಯಿಲ್ಲ, ತಾಯಿಯಿಲ್ಲ, ಜೊತೆಗೆ ಆಡಿದ ಹುಡುಗರಿಲ್ಲ. ಊರಿನ ನೆನಪನ್ನು ಬರೆಯುವ ಇಂದಿನ ಯಾವ ಲೇಖಕನೂ ಇವುಗಳನ್ನು ಬಿಡಲಾರ. ಪಂಪನಲ್ಲಿ ಇರುವುದು ಮೈಗೆ ತಾಗುವ ತೆಂಕಣ ಗಾಳಿ, ಕಿವಿಗೆ ಬೀಳುವ ಒಂದು ಒಳ್ಳೆಯ ಮಾತು, ಇನಿದಾದ ಹಾಡು, ಅರಳಿದ ಮಲ್ಲಿಗೆ, ನಲ್ಲರ ಕೂಟ, ವಸಂತದ ಸಡಗರ. ಇವೆಲ್ಲ ಬನವಾಸಿಯಲ್ಲಿ ಇರುವ ವಸ್ತುಗಳೆಂದು ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಪದ್ಯದ ನಡೆ ಹಾಗಿಲ್ಲ. ಇವು ಸಂಭವಿಸಿದಾಗಲೆಲ್ಲ ಬನವಾಸಿ ನೆನಪಾಗುತ್ತದೆ ಎಂಬುದು ಅಲ್ಲಿಯ ವಾಕ್ಯ. ಅಂದರೆ ಗಾಳಿ ಬೀಸಿದ್ದು ವೇಮುಲವಾಡದಲ್ಲಿ, ಮಲ್ಲಿಗೆ ಅರಳಿದ್ದು ವೇಮುಲವಾಡದ ಹಿತ್ತಿಲಲ್ಲಿ. ಪರನಾಡು ಕೊಟ್ಟ ಪ್ರತಿಯೊಂದು ಸುಖವೂ ಮನಸ್ಸನ್ನು ತನ್ನಲ್ಲಿ ನಿಲ್ಲಿಸಿಕೊಳ್ಳದೆ ಅತ್ತ ಕಳಿಸಿಬಿಡುತ್ತದೆ. ಕಷ್ಟ ಬಂದಾಗ ಊರು ನೆನಪಾಗುವುದು ಸಹಜ; ಸುಖ ಬಂದಾಗ ನೆನಪಾದರೆ ಆ ನೆನಪು ಆಳವಾದದ್ದು.

ತೆಂಕಣ ಗಾಳಿಯ ಮಾತನ್ನು ಮಲಯಾನಿಲದ ಕವಿಸಮಯವೆಂದು ಬದಿಗೆ ಸರಿಸುವುದು ಸುಲಭ. ಆದರೆ ವೇಮುಲವಾಡದಲ್ಲಿ ನಿಂತವನಿಗೆ ಬನವಾಸಿ ನಿಜವಾಗಿಯೂ ತೆಂಕಣ ದಿಕ್ಕಿನಲ್ಲಿದೆ, ಸರಿಯಾಗಿ ಹೇಳುವುದಾದರೆ ನೈಋತ್ಯದಲ್ಲಿ. ಆ ನಾಡನ್ನು ಪಂಪ 'ತೆಂಕನಾಡು' ಎಂದೂ ಕರೆದಿದ್ದಾನೆ. ತಾನಿರುವ ನಾಡನ್ನು ಯಾರೂ ತೆಂಕನಾಡೆನ್ನುವುದಿಲ್ಲ; ಅದು ಬಡಗಣಿಂದ ನೋಡುವವನು ಇಟ್ಟ ಹೆಸರು. ಇಂದ್ರಪ್ರಸ್ಥದಿಂದ ಹೊರಟ ಅರ್ಜುನನಿಗೂ ಈ ಮಾತು ಒಪ್ಪುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಹಾಗೆ ಎರಡು ಕಡೆಗೂ ಒಪ್ಪುವ ಮಾತನ್ನು ಆರಿಸಿಕೊಂಡದ್ದರಿಂದಲೇ ಕವಿ ಕಥೆಯನ್ನು ಕೆಡಿಸದೆ ತನ್ನ ಅಳಲನ್ನು ಅದರೊಳಗೆ ಸೇರಿಸಲು ಸಾಧ್ಯವಾಯಿತು.

ಬನವಾಸಿಗೆ ಜೈನ ಪರಂಪರೆಯಲ್ಲಿ ಇರುವ ಸ್ಥಾನವನ್ನು ಬಲ್ಲವರಿಗೆ ಇಲ್ಲಿ ಮತ್ತೊಂದು ಅಚ್ಚರಿ ಕಾದಿದೆ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯಲ್ಲಿ ಒಂದು ವೃತ್ತಾಂತವಿದೆ. ಧರಸೇನಾಚಾರ್ಯರಿಂದ ಆಗಮಜ್ಞಾನವನ್ನು ಪಡೆದ ಪುಷ್ಪದಂತ, ಭೂತಬಲಿಗಳು ಅಂಕುಲೇಶ್ವರದಲ್ಲಿ ಮಳೆಗಾಲವನ್ನು ಕಳೆದರು. ಆಮೇಲೆ ಪುಷ್ಪದಂತರು ವನವಾಸ ವಿಷಯಕ್ಕೆ ಬಂದು ಜಿನಪಾಲಿತನಿಗೆ ದೀಕ್ಷೆ ಕೊಟ್ಟರು. ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ಅಲ್ಲಿಯೇ ರಚಿಸಿದರು. ದಿಗಂಬರ ಪರಂಪರೆಯಲ್ಲಿ ಕಿವಿಯಿಂದ ಕಿವಿಗೆ ಬಂದ ಶ್ರುತ ಅಕ್ಷರರೂಪವನ್ನು ತಾಳತೊಡಗಿದ ನೆಲ ಅದು. ಕದಂಬರ ಕಾಲದಿಂದಲೂ ಜಿನಾಲಯಗಳಿಗೆ ರಾಜರ ದತ್ತಿಗಳು ನಡೆದುಬಂದ ನಾಡು. ಜಿನಭಕ್ತನಾದ ಪಂಪನಿಗೆ ಬನವಾಸಿಯನ್ನು ತೀರ್ಥವೆಂದು ಕೊಂಡಾಡಲು ಎಲ್ಲ ಕಾರಣಗಳೂ ಇದ್ದವು. ಅವನ ಹಂಬಲ ಆ ದಾರಿ ಹಿಡಿಯಲಿಲ್ಲ. ಅದರಲ್ಲಿರುವುದು ಮೈಯ ಸುಖ, ಸಂಗೀತ, ತಂಪು, ತ್ಯಾಗಭೋಗಗಳನ್ನು ಬಲ್ಲ ರಸಿಕರ ಗೋಷ್ಠಿ. ಅಕ್ಷರಗೋಷ್ಠಿಯ ಮಾತು ಬಂದಿದೆ, ನಿಜ. ಅದು ಕಾವ್ಯಾಸಕ್ತರ ಕೂಟವೇ ಹೊರತು ಆಗಮದ ಪಾಠಶಾಲೆಯಲ್ಲ. ಒಂದು ಕಾವ್ಯದಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಅವನೇ ಗಡಿ ಹಾಕಿಕೊಂಡಿದ್ದ. ಊರಿನ ನೆನಪು ಯಾವ ಕಡೆ ಸೇರಬೇಕೆಂಬುದನ್ನು ಅವನು ಸಂದೇಹಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸಿದ್ದಾನೆ.

ಇದು ಯಾಕೆ ದೊಡ್ಡ ಸಂಗತಿ ಎಂಬುದು ಶಾಸ್ತ್ರವನ್ನು ತೆರೆದು ನೋಡಿದರೆ ಗೊತ್ತಾಗುತ್ತದೆ. ಊರಿನ ಹಂಬಲವೆಂದು ಸಾಹಿತ್ಯವಿಮರ್ಶೆ ಕರೆಯುವ ಭಾವಕ್ಕೆ ಜೈನಾಚಾರ್ಯರು ಬೇರೆ ಹೆಸರುಗಳನ್ನು ಇಟ್ಟಿದ್ದರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಆರ್ತಧ್ಯಾನವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಒಂದು, ಇಷ್ಟವಾದುದು ಅಗಲಿದಾಗ ಅದು ಮತ್ತೆ ದೊರೆಯಲೆಂದು ಮನಸ್ಸು ಅದರಲ್ಲೇ ನೆಡುವುದು. ಇಷ್ಟವಿಯೋಗವೆಂದು ಇದರ ಪ್ರಸಿದ್ಧ ಹೆಸರು. ಇನ್ನೊಂದು ನಿದಾನ, ಅಂದರೆ ಮುಂದಿನ ಜನ್ಮದಲ್ಲಿ ಇಂಥ ಭೋಗ ದೊರೆಯಲೆಂಬ ಸಂಕಲ್ಪ. ಬಾಹ್ಯಪರಿಗ್ರಹಗಳ ಪಟ್ಟಿಯಲ್ಲಿ ಮೊದಲು ಬರುವುವು ಚಿನ್ನ ಬೆಳ್ಳಿಗಳಲ್ಲ, ಕ್ಷೇತ್ರ ಮತ್ತು ವಾಸ್ತು: ಹೊಲ ಮತ್ತು ಮನೆ. ಮುನಿಗಳು ಮಳೆಗಾಲದ ಹೊರತು ಒಂದೆಡೆ ನೆಲೆ ನಿಲ್ಲಬಾರದೆಂಬ ಕಟ್ಟಳೆಯ ಹಿಂದೆಯೂ ಈ ಅರಿವಿದೆ. ನೆಲ ಅಂಟಿಕೊಳ್ಳುತ್ತದೆ.

ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯ ಅತಿಚಾರಗಳನ್ನು ಹೇಳುವ ಸೂತ್ರ ಇದಕ್ಕಿಂತಲೂ ಮನಮುಟ್ಟುವಂತಿದೆ. ಬದುಕುವ ಆಸೆ, ಬೇಗ ಸಾಯುವ ಆಸೆ ಇವುಗಳ ಬಳಿಕ ಅಲ್ಲಿ ಮಿತ್ರಾನುರಾಗ, ಸುಖಾನುಬಂಧ, ನಿದಾನಗಳು ಬರುತ್ತವೆ. ಮಿತ್ರಾನುರಾಗವೆಂದರೇನು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ, ಹಿಂದೆ ಗೆಳೆಯರೊಡನೆ ಮಣ್ಣಿನಲ್ಲಿ ಆಡಿದ್ದೇ ಮೊದಲಾದುವನ್ನು ನೆನೆಯುವುದು. ಸುಖಾನುಬಂಧವೆಂದರೆ ಅನುಭವಿಸಿದ ಪ್ರೀತಿಯನ್ನು ಮತ್ತೆ ಮತ್ತೆ ಸ್ಮರಣೆಗೆ ತಂದುಕೊಳ್ಳುವುದು. ಅನ್ನಪಾನಗಳನ್ನು ಬಿಟ್ಟು, ದೇಹದ ಮಮತೆಯನ್ನು ಕಳೆದುಕೊಂಡು, ಮರಣದ ಹೊಸ್ತಿಲಲ್ಲಿ ಮಲಗಿದ ಸಾಧಕನ ಮನಸ್ಸಿನಲ್ಲಿ ಕೊನೆಗೂ ಏಳಬಹುದಾದ ತೊಡಕು ಯಾವುದೆಂದು ಆಚಾರ್ಯರು ಯೋಚಿಸಿದರು. ರಾಜ್ಯ, ಐಶ್ವರ್ಯಗಳು ಅವರಿಗೆ ಹೊಳೆಯಲಿಲ್ಲ. ಬಾಲ್ಯದಲ್ಲಿ ಆಡಿದ ಮಣ್ಣು ಹೊಳೆಯಿತು. ಊರಿನ ನೆನಪಿನ ಬಲವನ್ನು ಇಷ್ಟು ನಿಖರವಾಗಿ ತೂಗಿದ ಮಾತು ಕಾವ್ಯಮೀಮಾಂಸೆಯಲ್ಲಿಯೂ ಸಿಗುವುದು ಅಪರೂಪ. ಅತಿಚಾರವೆಂದು ಎಚ್ಚರಿಸುವವನು ಆ ಸೆಳೆತವನ್ನು ಒಳಗಿನಿಂದ ಬಲ್ಲವನೇ ಆಗಿರಬೇಕು.

ಈ ಹಿನ್ನೆಲೆಯಲ್ಲಿ ಪಂಪನ ಪದ್ಯಗಳನ್ನು ಮರಳಿ ಓದಬೇಕು. ಯಾರು ಅಂಕುಶ ಹಾಕಿ ತಿವಿದರೂ ತನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎನ್ನುವಾಗ ಅವನು ಮನಸ್ಸನ್ನು ಆನೆಯಾಗಿ ಕಂಡಿದ್ದಾನೆ. ಯುದ್ಧವನ್ನು ಬಲ್ಲ ಕವಿಗೆ ಆನೆಯ ಹೋಲಿಕೆ ಸಹಜವೆಂದು ವ್ಯಾಖ್ಯಾನಗಳು ಹೇಳಿ ಮುಗಿಸುತ್ತವೆ. ಆದರೆ ಚಿತ್ತವೇ ಮದ್ದಾನೆ, ಜ್ಞಾನವೇ ಅಂಕುಶ ಎಂಬ ರೂಪಕ ಶಿವಾರ್ಯನ ಭಗವತೀ ಆರಾಧನೆಯಲ್ಲಿದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಬೇರಾದ ಗ್ರಂಥವದು. ಜೈನಮನೆಯಲ್ಲಿ ಬೆಳೆದ, ಮುನಿಗಳ ಬಳಿ ಓದಿದ ಕವಿಗೆ ಅಪರಿಚಿತವಾಗಿದ್ದಿರಲಾರದು. ಅಂಕುಶವನ್ನು ಹಿಡಿದವರು ಯಾರಾದರೂ ಆಗಬಹುದು: ಅರಸ, ಬಂಧು, ಅನ್ನದ ಋಣ. ಅವರ ಸಾಲಿನಲ್ಲಿ ಗುರುವನ್ನೂ ಶಾಸ್ತ್ರವನ್ನೂ ಸೇರಿಸಿ ಓದಿದರೆ ಪದ್ಯಕ್ಕೆ ಭಾರ ಹೆಚ್ಚುತ್ತದೆ. ಜ್ಞಾನದ ಅಂಕುಶವೂ ಇಲ್ಲಿ ನಾಟಲಿಲ್ಲ.

ಮುಂದಿನ ಬಯಕೆ ಇನ್ನೂ ಗಂಭೀರವಾದದ್ದು. ತ್ಯಾಗ, ಭೋಗ, ವಿದ್ಯೆ, ಗೇಯಗಳ ಸವಿಯನ್ನು ಬಲ್ಲ ಆ ನಾಡಿನ ಜನರೇ ಜನರು ಎಂದು ಕವಿ ಮೊದಲು ಹೇಳುತ್ತಾನೆ. ಅಂಥವರಾಗಿ ಹುಟ್ಟುವುದು ಕೈಗೂಡುವ ಮಾತೇ ಎಂದು ತಾನೇ ಶಂಕಿಸುತ್ತಾನೆ. ಕೈಗೂಡದಿದ್ದರೆ ಅಲ್ಲಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆನ್ನುತ್ತಾನೆ. ಇದು ಕನ್ನಡದಲ್ಲಿ ನಾಡಿನ ಮೇಲಣ ಪ್ರೀತಿಯ ಪರಮಾವಧಿಯೆಂದು ಪ್ರಸಿದ್ಧ. ಶಾಸ್ತ್ರದ ಕಣ್ಣಿಗೆ ಇದು ನಿದಾನ, ಮಾಯಾ ಮಿಥ್ಯಾತ್ವಗಳೊಡನೆ ಎಣಿಸಲ್ಪಡುವ ಮೂರು ಶಲ್ಯಗಳಲ್ಲಿ ಒಂದು. ಎದೆಯಲ್ಲಿ ಮುರಿದು ಉಳಿದ ಮುಳ್ಳು. ಅದೂ ಎಂಥ ನಿದಾನ? ದೇವಗತಿಯನ್ನು ಬಯಸುವ ನಿದಾನವೇ ಹೇಯವೆನ್ನುವ ಧರ್ಮದಲ್ಲಿ ಇವನು ಬಯಸುವುದು ತಿರ್ಯಗ್ಗತಿಯನ್ನು. ಇಲ್ಲಿಯೇ ಒಂದು ಸಂಗತಿ ಓದುಗನನ್ನು ತಡೆದು ನಿಲ್ಲಿಸುತ್ತದೆ. ಆರ್ತಧ್ಯಾನದ ಫಲವಾಗಿ ಶಾಸ್ತ್ರಕಾರರು ಹೇಳಿರುವುದೂ ತಿರ್ಯಗ್ಗತಿಯನ್ನೇ. ಅಗಲಿದ್ದಕ್ಕಾಗಿ ಹಂಬಲಿಸುತ್ತ ಸತ್ತವನು ಪಶುವೋ ಪಕ್ಷಿಯೋ ಕೀಟವೋ ಆಗಿ ಹುಟ್ಟುತ್ತಾನೆ ಎಂಬುದು ಅವರ ಎಚ್ಚರಿಕೆ. ಹಂಬಲಿಸುತ್ತಲೇ ಇರುವ ಕವಿ, ಹಾಗಿದ್ದರೆ ಆಗಲಿ, ಆ ಹುಟ್ಟು ಬನವಾಸಿಯಲ್ಲೇ ಆಗಲಿ ಎನ್ನುತ್ತಿರುವಂತಿದೆ. ಶಿಕ್ಷೆಯನ್ನು ಅವನು ನಿರಾಕರಿಸಿಲ್ಲ, ಅದನ್ನು ಅನುಭವಿಸುವ ಸ್ಥಳವನ್ನು ಮಾತ್ರ ಆರಿಸಿಕೊಂಡಿದ್ದಾನೆ. ಸಿದ್ಧಾಂತವನ್ನು ಅರಿಯದವನ ಬಾಯಿಂದ ಬಂದಿದ್ದರೆ ಈ ಮಾತು ಬರಿಯ ಅತಿಶಯೋಕ್ತಿ ಆಗುತ್ತಿತ್ತು. ಅದೇ ಕೈ ಆದಿಪುರಾಣವನ್ನು ಬರೆದಿದೆ.

ಪ್ರಾಸಂಗಿಕವಾಗಿ ಒಂದು ಮಾತು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ವರ್ಗೀಕರಣದಲ್ಲಿ ದುಂಬಿ ಚತುರಿಂದ್ರಿಯ ಜೀವಿ, ಅದಕ್ಕೆ ಕಿವಿಯಿಲ್ಲ. ಹಾಡಿಗೆ ಮನಸೋತವನು ದುಂಬಿಯಾಗಿ ಹುಟ್ಟಿದರೆ ಮಲ್ಲಿಗೆಯೇನೋ ದಕ್ಕುತ್ತದೆ, ಹಾಡು ದಕ್ಕುವುದಿಲ್ಲ. ಪಂಚೇಂದ್ರಿಯದ ಕೋಗಿಲೆಯನ್ನೂ ಬಯಕೆಯಲ್ಲಿ ಸೇರಿಸಿದ್ದರಿಂದ ಆ ಕೊರತೆ ನೀಗಿದೆ. ಕವಿ ಇದನ್ನು ಲೆಕ್ಕ ಹಾಕಿಯೇ ಬರೆದನೆಂದು ವಾದಿಸುವುದು ಅತಿಯಾದೀತು. ಆದರೂ ಆಗಮಜ್ಞನಾದ ಓದುಗನೊಬ್ಬ ಆ ಕಾಲದ ಗೋಷ್ಠಿಯಲ್ಲಿ ಇದನ್ನು ಹೇಳಿ ನಕ್ಕಿರಬಹುದು.

ಹಾಗಾದರೆ ಪಂಪನ ಶ್ರದ್ಧೆ ಸಡಿಲವಾಗಿತ್ತೇ? ಹಾಗೆ ಕೇಳುವವರು ಸೂತ್ರಕಾರನ ಮಾತನ್ನು ಪೂರ್ತಿ ಓದಿಲ್ಲ. ಆರ್ತಧ್ಯಾನವು ಅವಿರತರಿಗೂ ದೇಶವಿರತರಾದ ಶ್ರಾವಕರಿಗೂ, ಎಚ್ಚರ ತಪ್ಪಿದ ಸಂಯತರಿಗೂ ಉಂಟಾಗುತ್ತದೆಂದು ಸೂತ್ರವೇ ಒಪ್ಪಿಕೊಂಡಿದೆ. ಸಂಸಾರದಲ್ಲಿ ಇರುವವನಿಗೆ ಇದು ತಪ್ಪದು. ಪಂಪನು ಮುನಿಯಾಗಿರಲಿಲ್ಲ, ಆಸ್ಥಾನದಲ್ಲಿದ್ದ ಗೃಹಸ್ಥ. ತನ್ನ ಸ್ಥಿತಿಯನ್ನು ಅವನು ಮರೆಮಾಚಲಿಲ್ಲ ಎಂಬುದೇ ಇಲ್ಲಿ ಬೆಲೆಯುಳ್ಳದ್ದು. ಬನವಾಸಿಯನ್ನು ತೀರ್ಥಕ್ಷೇತ್ರವೆಂದು ಬಣ್ಣಿಸಿ ತನ್ನ ಹಂಬಲಕ್ಕೆ ಭಕ್ತಿಯ ಹೊದಿಕೆ ಹೊದಿಸುವ ಅವಕಾಶ ಅವನಿಗಿತ್ತು. ಅದನ್ನು ಬಿಟ್ಟು, ರಾಗವನ್ನು ರಾಗವೆಂದೇ ಲೌಕಿಕ ಕಾವ್ಯದಲ್ಲಿ ಇಟ್ಟ.

ಆದಿಪುರಾಣದ ಲಲಿತಾಂಗನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈಶಾನಕಲ್ಪದಲ್ಲಿ ಸ್ವಯಂಪ್ರಭೆಯೊಡನೆ ಸುಖವಾಗಿದ್ದ ಲಲಿತಾಂಗದೇವನಿಗೆ ಆಯುಷ್ಯ ಮುಗಿಯುವ ಸೂಚನೆಯಾಗಿ ಕೊರಳ ಮಾಲೆ ಬಾಡುತ್ತದೆ, ಮೈಯ ಕಾಂತಿ ಕುಂದುತ್ತದೆ. ಸ್ವರ್ಗವನ್ನು ಬಿಟ್ಟು ಹೋಗಬೇಕಲ್ಲ ಎಂದು ಅವನು ಪಡುವ ಸಂಕಟ, ನಾಡು ಬಿಡುವವನ ಸಂಕಟವೇ. ಅಲ್ಲಿ ದೇವತೆಗಳು ಬಂದು ತಿಳಿಹೇಳುತ್ತಾರೆ. ಲಲಿತಾಂಗ ಜಿನಬಿಂಬಗಳನ್ನು ಪೂಜಿಸಿ ಪಂಚನಮಸ್ಕಾರವನ್ನು ನೆನೆಯುತ್ತ ಹೊರಡುತ್ತಾನೆ. ಅಂಕುಶ ಅಲ್ಲಿ ಕೆಲಸ ಮಾಡಿತು. ಮುಂದಿನ ಜನ್ಮದಲ್ಲಿ ಸ್ವಯಂಪ್ರಭೆ ಶ್ರೀಮತಿಯಾಗಿ ಹುಟ್ಟಿ, ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು ಜಾತಿಸ್ಮರಣೆಯಿಂದ ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತ ಮೇಲೆ ತನ್ನ ಹಿಂದಿನ ಬಾಳನ್ನು ಪಟದಲ್ಲಿ ಚಿತ್ರಿಸಿ, ದಾದಿ ಪಂಡಿತೆಯ ಕೈಗೆ ಕೊಟ್ಟು, ಗುರುತಿಸುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿಸುತ್ತಾಳೆ. ಲಲಿತಾಂಗನೇ ಆಗಿದ್ದ ವಜ್ರಜಂಘ ಅದನ್ನು ಗುರುತಿಸುತ್ತಾನೆ. ಕಥೆ ಜಿನಸೇನರ ಪೂರ್ವಪುರಾಣದಿಂದ ಬಂದದ್ದು. ಆದರೆ ಕಳೆದುಹೋದ ಒಂದು ಲೋಕವನ್ನು ಚಿತ್ರವಾಗಿ ಬರೆದು ಪರಿಚಯದ ಕಣ್ಣಿಗಾಗಿ ಕಾಯುವ ಶ್ರೀಮತಿಯನ್ನು ಪಂಪನು ಬರಿಯ ಅನುವಾದಕನಾಗಿ ಬರೆದಿರಲಾರ.

ಈಗ ಆ ಪದ್ಯದ ಒಂದು ತುಣುಕು ಬಸ್ಸುಗಳ ಮೇಲೆ, ಸ್ವಾಗತ ಕಮಾನುಗಳ ಮೇಲೆ, ಹೊರನಾಡ ಕನ್ನಡಿಗರ ಸಮಾರಂಭಗಳ ಹಾಸುಬಟ್ಟೆಗಳ ಮೇಲೆ ಕಾಣುತ್ತದೆ. ರಾಜ್ಯ ಸರಕಾರ 1987ರಿಂದ ಪಂಪ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಕದಂಬೋತ್ಸವದ ಸಂಭ್ರಮವೂ ಬನವಾಸಿಯಲ್ಲಿ ನಡೆಯುತ್ತದೆ. ಇದೆಲ್ಲ ಸಂತೋಷದ ವಿಷಯ. ಆದರೆ ಘೋಷಣೆಯಾದಾಗ ಆ ಮಾತಿನಿಂದ ಮೊದಲು ಉದುರಿಹೋಗುವುದು ಅಂಕುಶವೇ. ನಾಡನ್ನು ಹೊಗಳುವ ಮಾತಾಗಿ ಅದು ಉಳಿಯುತ್ತದೆ, ತನ್ನ ಮನಸ್ಸಿನ ಮೇಲೆ ತನಗೇ ಹಿಡಿತವಿಲ್ಲವೆಂಬ ಒಪ್ಪಿಗೆಯಾಗಿ ಉಳಿಯುವುದಿಲ್ಲ. ಹೊರನಾಡಿನಲ್ಲಿ ಬಾಳುವವರು ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿರಬಹುದು. ಕೆಲಸ, ಮನೆ, ಮರ್ಯಾದೆ ಎಲ್ಲವನ್ನೂ ಕೊಟ್ಟ ನೆಲದಲ್ಲಿ ನಿಂತು, ಒಂದು ಹೂವಿನ ವಾಸನೆಗೆ ತಟ್ಟನೆ ಬೇರೆಲ್ಲೋ ಹೋಗಿಬಿಡುವ ಅನುಭವವನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಪಂಪನ ತಮ್ಮ ಇದೇ ಅಗಲಿಕೆಯನ್ನು ಮತ್ತೊಂದು ರೀತಿಯಲ್ಲಿ ನಿಭಾಯಿಸಿದ. ಜಿನವಲ್ಲಭನೂ ವೇಮುಲವಾಡದ ಸೀಮೆಯಲ್ಲೇ ಬಾಳಿದವನು. ಅವನ ಶಾಸನದಲ್ಲಿ ಬನವಾಸಿಯ ಹಂಬಲವಿಲ್ಲ. ತಂದೆಯ ಕಡೆಯ ವೆಂಗಿನಾಡಿನ ಊರು, ತಾಯಿಯ ಕಡೆಯ ಅಣ್ಣಿಗೇರಿ, ಗೋತ್ರ, ಅಣ್ಣನ ಕೀರ್ತಿ ಎಲ್ಲವನ್ನೂ ಕ್ರಮವಾಗಿ ಹೇಳಿ, ಅವುಗಳನ್ನು ತಾನು ಬಂದು ಸೇರಿದ ನೆಲದ ಬಂಡೆಗೆ ಒಪ್ಪಿಸಿದ. ಆ ಗುಡ್ಡದ ಕಲ್ಲಿನಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೆತ್ತಿಸಿದ. ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದ. ಕೆರೆಯೊಂದನ್ನು ತೋಡಿಸಿ ಅದಕ್ಕೆ ಅಣ್ಣನ ಬಿರುದನ್ನೇ ಇಟ್ಟು ಕವಿತಾಗುಣಾರ್ಣವವೆಂದು ಕರೆದ. ಕೊನೆಗೆ ಒಂದು ತೋಟವನ್ನೂ ಮಾಡಿಸಿದ. ಅದರ ಹೆಸರು ಮದನವಿಲಾಸ. ಅಣ್ಣ ದೂರದ ನಂದನದಲ್ಲಿ ದುಂಬಿಯಾಗಿ ಹುಟ್ಟಲು ಬಯಸುತ್ತಿದ್ದ ಕಾಲಕ್ಕೆ, ಅಥವಾ ಅದಾದ ಕೆಲವೇ ವರ್ಷಗಳಲ್ಲಿ, ತಮ್ಮ ಆ ಬೋಳುಗುಡ್ಡದ ಬುಡಕ್ಕೆ ನೀರು ತಂದು ಗಿಡ ನೆಡಿಸುತ್ತಿದ್ದ.